‘ಬಂದ್ಳು’ ಅಂದದ್ದು ಯಾರಿಗೆ?

ಡೆಟ್ರಾಯಿಟ್‌ನ ಮರದ ಟ್ರ್ಯಾಕಿನ ಕಂಬಿ ಹಿಡಿದುಕೊಂಡು ನಮ್ಮವ್ವ ಕೂಗಿದ್ದು ಒಂದೇ ಮಾತು: ‘ಬಂದ್ಳು!’ ಇಷ್ಟರ ಮಟ್ಟಿಗೆ ಮನೆಯವರೆಲ್ಲ ಒಪ್ಪುತ್ತೇವೆ. ಯಾವ ಕ್ಷಣದಲ್ಲಿ ಕೂಗಿದಳು, ಯಾರನ್ನು ನೋಡಿ ಕೂಗಿದಳು, ಸೈಕಲ್ ಮೇಲಿದ್ದ ಹುಡುಗಿಯ ಕಿವಿಗೆ ಅದು ಬಿತ್ತೋ ಇಲ್ಲವೋ ಎಂಬಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ಕತೆ. ನನ್ನದೇ ಎರಡಿವೆ.

ನಾನು ಸಂಖ್ಯಾಶಾಸ್ತ್ರ ಓದಿದವನು. ಷಿಕಾಗೋ ಹತ್ತಿರದ ಲೈಲ್‌ನ ಒಂದು ಕಚೇರಿಯಲ್ಲಿ ಕೂತು ಅಪಘಾತಗಳ ಸಂಭವ ಲೆಕ್ಕ ಹಾಕುವುದು ನನ್ನ ಕೆಲಸ. ಕಣ್ಣಾರೆ ಕಂಡೆ ಅನ್ನುವವರ ಮಾತನ್ನು ಎಷ್ಟು ನಂಬಬಹುದು ಎನ್ನುವುದರ ಮೇಲೆ ನನ್ನ ಪಿಎಚ್‌ಡಿಯಲ್ಲಿ ಒಂದು ಅಧ್ಯಾಯವೇ ಇದೆ. ಆಗ ಕಣ್ಣಾರೆ ಕಂಡವರು ಬೇರೆ ಯಾರೋ ಆಗಿದ್ದರು, ಅನುಮಾನಿಸುವುದು ಸುಲಭವಿತ್ತು. ಈ ಸಲ ಕಂಬಿಯ ಪಕ್ಕ ನಿಂತಿದ್ದವನು ನಾನೇ.

ಆ ಹುಡುಗಿ ವೇಲ್ಸ್‌ನವಳು. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಸ್ಪ್ರಿಂಟ್ ಓಡುವವಳು. ಅವಳು ನಮ್ಮ ಮನೆಗೆ ಬಂದದ್ದು ಮಗಳ ದೆಸೆಯಿಂದ. ಷಿಕಾಗೋದ ಉತ್ತರಕ್ಕಿರುವ ಒಂದು ಊರಿನ ಪಾರ್ಕಿನಲ್ಲಿ ಸಿಮೆಂಟಿನ ಸೈಕಲ್ ಟ್ರ್ಯಾಕ್ ಇದೆ. ಶನಿವಾರ ಬೆಳಿಗ್ಗೆ ಅಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ, ಆಗ ಎಂಟನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಸೇರಿಕೊಂಡಿದ್ದಳು. ಆ ಬೇಸಿಗೆಗೆ ಹೊರದೇಶದಿಂದ ಬರುವ ಒಬ್ಬ ಓಟಗಾರ್ತಿಗೆ ಯಾರ ಮನೆಯಲ್ಲಾದರೂ ಒಂದು ಕೋಣೆ ಸಿಗಬಹುದೇ ಎಂದು ಕ್ಲಬ್ಬಿನವರು ಕೇಳಿದರು. ಲೊಂಬಾರ್ಡ್‌ನ ನಮ್ಮ ಮನೆಯ ಬೇಸ್‌ಮೆಂಟ್ ಖಾಲಿ ಬಿದ್ದಿತ್ತು. ಹೆಂಡತಿ ಹೂಂ ಅಂದಳು. ಹೂಂ ಅಂದವನು ನಾನು ಎಂದು ಅವಳು ಈಗ ಹೇಳುತ್ತಾಳೆ.

ಓಹೇರ್ ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ ಮಾತಿಗೆ ಮಾತು ಸೇರಿಸಲು ನಾನು, ‘ಹಾಗಾದರೆ ನೀನು ಇಂಗ್ಲೆಂಡಿನವಳು’ ಎಂದೆ. ಅವಳು ಇಲ್ಲ ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡಿದಳು. ಹೆಂಡತಿ ಮೈಸೂರಿನವಳು. ಮುಂದಿನ ಸೀಟಿನಿಂದ ಕನ್ನಡದಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

‘ರೀ, ನೀವು ವಿಜಯಪುರ ಅಂದಾಗ ಓ ಮಹಾರಾಷ್ಟ್ರನಾ ಅಂತ ಯಾರಾದ್ರೂ ಕೇಳಿದ್ರೆ ಮೂಗಿನ ತುದೀಲಿ ಕೋಪ ಬರುತ್ತಲ್ಲಾ, ಹಾಗೇ ಆಗಿದೆ ಆ ಮಗೂಗೆ.’

ಅಮೇರಿಕೆಯಲ್ಲಿ ಆರು ತಿಂಗಳಿರಲು ನಮ್ಮವ್ವ ಅದೇ ಬೇಸಿಗೆಯಲ್ಲಿ ಬಂದಿದ್ದಳು. ಹುಡುಗಿ ಸೈಕಲ್ಲನ್ನು ಪೆಟ್ಟಿಗೆಯಿಂದ ತೆಗೆದು ಗ್ಯಾರೇಜಿನಲ್ಲಿ ಜೋಡಿಸುತ್ತಿದ್ದಾಗ ಅವ್ವ ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಕೊನೆಗೆ ನನ್ನನ್ನು ಕರೆದಳು.

‘ತಮ್ಮಾ, ಈ ಗಾಡಿಗಿ ಬ್ರೇಕ್ ಎಲ್ಲದಾವೊ?’

‘ಇರೂದಿಲ್ಲವ್ವಾ, ಇದಕ್ಕ.’

‘ಬ್ರೇಕ್ ಇಲ್ಲದ ಸೈಕಲ್ ಮ್ಯಾಲ ಹರೇದ ಹುಡುಗಿನ್ನ ಕುಂಡ್ರಿಸಿ ಕಳಿಸ್ಯಾರಲ್ಲ, ಆಕಿ ಅಪ್ಪಗ ಬುದ್ಧಿ ಐತಿಲ್ಲೊ?’

ನಮ್ಮ ಕಡೆ ಸೈಕಲ್ ರೇಸು ದೊಡ್ಡದು. ಸೊಲ್ಲಾಪುರ ರಸ್ತೆಯಲ್ಲಿ ಬೆಳಗಿನ ಹೊತ್ತು ತಲೆ ತಗ್ಗಿಸಿ ಸಾಲಾಗಿ ಹೋಗುತ್ತಿದ್ದ ಹುಡುಗರನ್ನು ನೋಡುತ್ತ ಬೆಳೆದವನು ನಾನು. ಒಂದು ಸಲ ನಾನೂ ಅವರ ಜೊತೆ ರೇಸಿನಲ್ಲಿ ಓಡಿದ್ದೆ ಎಂದು ಹುಡುಗಿಗೆ ಹೇಳುತ್ತಿದ್ದೆ. ಅವ್ವನಿಗೆ ಇಂಗ್ಲಿಷ್ ಬಾರದಿದ್ದರೂ ‘ರೇಸ್’ ಎಂಬ ಪದ ಹಿಡಿದುಬಿಟ್ಟಳು.

‘ನೀ ಯಾವಾಗ ರೇಸ್ ಹೊಡದಿ? ಪಂಕ್ಚರ್ ಆಗಿ ಸೈಕಲ್ ತಳ್ಳಿಕೋಂತ ಮನಿಗಿ ಬಂದಿದ್ದಿ. ಆ ಹುಡುಗ್ರು ಪಾಪ, ಎದುರಿಗಿ ಹೊಂಟಿದ್ರು.’

ನನಗೆ ಓಡಿದ್ದೇ ನೆನಪು. ಕಣ್ಣಿಗೆ ಗಾಳಿ ಬಡಿದದ್ದೂ ನೆನಪು. ಆದರೆ ಸೈಕಲ್ ತಳ್ಳಿಕೊಂಡು ಹೋಗುವವನ ಕಣ್ಣಿಗೂ ಗಾಳಿ ಬಡಿಯುತ್ತದೆ.

ಹುಡುಗಿ ನಮ್ಮಲ್ಲಿಗೆ ಬಂದದ್ದಕ್ಕೆ ಒಂದು ಕಾರಣವಿತ್ತು. ಮೊದಲ ವಾರದಲ್ಲೇ ಊಟದ ಮೇಜಿನ ಮುಂದೆ ಮುಚ್ಚುಮರೆ ಇಲ್ಲದೆ ಹೇಳಿದಳು. (ಅವಳ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನ ನೆನಪಿನಲ್ಲಿ ಅವಳು ಎಷ್ಟೋ ಸಲ ಕನ್ನಡದಲ್ಲೇ ಮಾತಾಡುತ್ತಾಳೆ, ಅದು ಸಾಧ್ಯವಿಲ್ಲ.) ಜೂನಿಯರ್ ಆಗಿದ್ದಾಗ ಅವಳು ಚೆನ್ನಾಗಿ ಗೆಲ್ಲುತ್ತಿದ್ದಳು. ಹಿರಿಯರ ತಂಡದ ಆಯ್ಕೆಯಲ್ಲಿ ಮಾತ್ರ ಕೈಬಿಟ್ಟರು. ‘ನಿನ್ನ ಕಾಲಿನಲ್ಲಿ ಬಲವಿದೆ. ಆದರೆ ಯಾವಾಗ ಹೊರಡಬೇಕು ಅಂತ ನೀನಾಗಿ ತೀರ್ಮಾನಿಸುವುದಿಲ್ಲ’ ಎಂದಿದ್ದರಂತೆ ಆ ತಂಡದ ಕೋಚು. ಬೇಸಿಗೆಯ ಕೊನೆಗೆ ಡೆಟ್ರಾಯಿಟ್‌ನಲ್ಲಿ ನಡೆಯುವ ಸ್ಪರ್ಧೆ ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರವಾಗುತ್ತದೆ, ಅದನ್ನು ನೋಡಿ ಇನ್ನೊಮ್ಮೆ ಯೋಚಿಸುತ್ತೇವೆ ಎಂದೂ ಹೇಳಿದ್ದರು. ಅಲ್ಲಿ ಆಗದಿದ್ದರೆ ಸೈಕಲ್ ಕಟ್ಟಿಟ್ಟು ಫಿಸಿಯೋಥೆರಪಿ ಓದಲು ಹೋಗುವುದೆಂದು ಅವಳು ಮನೆಯವರಿಗೆ ಮಾತು ಕೊಟ್ಟಿದ್ದಳು.

ಆ ದೋಷದ ಮೂಲವನ್ನೂ ಅವಳೇ ಹೇಳಿದಳು. ಸ್ಪ್ರಿಂಟ್ ಎಂದರೆ ಇಬ್ಬರೇ ಓಡುವ ಪಂದ್ಯ. ಮೊದಮೊದಲು ಇಬ್ಬರೂ ನಡಿಗೆಯ ವೇಗದಲ್ಲಿ ಹೋಗುತ್ತಾರೆ. ಹಿಂದೆ ಇರುವವರಿಗೆ ಗಾಳಿಯ ಹೊಡೆತವಿಲ್ಲ, ಆದ್ದರಿಂದ ನೀನು ಮುಂದೆ ಹೋಗು, ನೀನು ಮುಂದೆ ಹೋಗು ಎಂದು ಕಾಯುವುದೇ ಆಟ. ಯಾರಾದರೊಬ್ಬರು ಸೀಟಿನಿಂದ ಎದ್ದು ಪೆಡಲ್ ಒತ್ತಿದರೆಂದರೆ ಅಲ್ಲಿಂದ ಕೊನೆಯ ಗೆರೆಯವರೆಗೆ ಉಸಿರುಗಟ್ಟಿ ಓಟ. ಚಿಕ್ಕಂದಿನಿಂದಲೂ ಅವಳ ಅಪ್ಪ ಟ್ರ್ಯಾಕಿನ ಆಚೆ ಬದಿಗೆ ನಿಂತು, ಏಳಬೇಕಾದ ಗಳಿಗೆಗೆ ಸರಿಯಾಗಿ ‘ನೌರ್!’ ಎಂದು ಕೂಗುತ್ತಿದ್ದರು. ವೆಲ್ಷ್ ಭಾಷೆಯಲ್ಲಿ ‘ಈಗ’ ಎಂದರ್ಥ. ಅವಳು ಏಳುತ್ತಿದ್ದಳು, ಗೆಲ್ಲುತ್ತಿದ್ದಳು. ಆಯ್ಕೆಯ ದಿನ ಅಪ್ಪ ಅಮ್ಮಂದಿರನ್ನು ಒಳಗೆ ಬಿಟ್ಟಿರಲಿಲ್ಲ. ಅವಳು ಕೂಗಿಗಾಗಿ ಕಾದಳು. ಪಕ್ಕದವಳು ಎದ್ದು ಹೋದಳು.

‘ಹಾಗಾಗಿ ಒಂದು ಕೋರಿಕೆ. ನೀವು ನೋಡಲು ಬಂದರೆ ಸಂತೋಷ. ಆದರೆ ಯಾರೂ ಕೂಗಬೇಡಿ. ಚಪ್ಪಾಳೆ ತಟ್ಟಿ, ಪರವಾಗಿಲ್ಲ. ಕೂಗಬೇಡಿ.’

ಇದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ‘ಒದರಬಾರದು ಅಷ್ಟ ಹೌದಿಲ್ಲೊ? ನಾ ಯಾಕ ಒದರಲಿ? ನಂಗೇನ ಹುಚ್ಚ?’ ಎಂದಳು.

ಅವ್ವನಿಗೂ ಹುಡುಗಿಗೂ ನಡುವೆ ಭಾಷೆ ಇರಲಿಲ್ಲ, ರೊಟ್ಟಿ ಇತ್ತು. ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂನಿಂದ ಜೋಳದ ಹಿಟ್ಟು ತಂದುಕೊಟ್ಟಿದ್ದೆ. ವ್ಯಾಯಾಮ ಮುಗಿಸಿ ಬಂದವಳು ಒಲೆಯ ಪಕ್ಕದಲ್ಲೇ ನಿಂತು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅದರ ಮೇಲೆ ಮೊಸರು ಹಾಕಿಕೊಂಡು ತಿನ್ನುತ್ತಿದ್ದಳು. ಅವ್ವ ಬಡಿಯುವ ವೇಗಕ್ಕೆ ಅವಳು ತಿನ್ನುವ ವೇಗ ಸರಿಸಮ. ‘ನಿನ್ನ ಹೇಂತಿ ಮನಿಗಿ ಬಂದಾಗಿಂದ ಇಂಥಾ ತಿನ್ನಾಕಿನ್ನ ನೋಡಿರಲಿಲ್ಲ’ ಎಂದು ಅವ್ವ ನನಗೆ ಹೇಳುವಳು, ಹೆಂಡತಿಗೆ ಕೇಳುವ ಹಾಗೆ. ‘ನಾನು ಅನ್ನ ತಿನ್ನೋಳು ಅತ್ತೆ, ಸೈಕಲ್ ಹೊಡೆಯೋಳಲ್ಲ’ ಎಂದು ಹೆಂಡತಿ ಅಡುಗೆಮನೆಯಾಚೆಯಿಂದ.

ಹುಡುಗಿ ಕಲಿತ ಮೊದಲ ಕನ್ನಡ ಪದ ‘ಬಂದೆ’. ಯಾರೂ ಕಲಿಸಲಿಲ್ಲ. ನಮ್ಮ ಮಗಳು ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಊಟಕ್ಕೆ ಕರೆದಾಗ ಮಾತ್ರ ಮಹಡಿಯ ಮೇಲಿಂದ ‘ಬಂದೆ!’ ಅನ್ನುತ್ತಾಳೆ, ಬರುವುದಿಲ್ಲ. ಹಾಗೆಂದರೇನು ಎಂದು ಒಂದು ದಿನ ಹುಡುಗಿ ಮಗಳನ್ನು ಕೇಳಿದಳು.

‘ಐ ಕೇಮ್,’ ಎಂದಳು ಮಗಳು.

‘ನೀನು ಬಂದಿರಲಿಲ್ಲವಲ್ಲ. ಮೇಲೇ ಇದ್ದೆ.’

‘ಯಾ, ಇಟ್ ಮೀನ್ಸ್ ಐಯಾಮ್ ಕಮಿಂಗ್.’

‘ಎರಡರಲ್ಲಿ ಯಾವುದು?’

ಮಗಳು ನನ್ನ ಮುಖ ನೋಡಿದಳು. ಅದುವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬರುವುದು ಖಚಿತ ಎಂದಾದರೆ ನಾವು ಬರುವ ಮೊದಲೇ ಬಂದೆ ಅನ್ನುತ್ತೇವೆ, ಬಸ್ಸು ಇನ್ನೂ ದೂರದ ತಿರುವಿನಲ್ಲಿದ್ದಾಗಲೇ ಬಂತು ಬಂತು ಎಂದು ಚೀಲ ಎತ್ತಿಕೊಳ್ಳುತ್ತೇವೆ ಎಂದು ವಿವರಿಸಿದೆ. ಹುಡುಗಿಗೆ ಇದು ಬಹಳ ಹಿಡಿಸಿತು. ಮರುದಿನದಿಂದ ಬೇಸ್‌ಮೆಂಟಿನಿಂದಲೂ ‘ಬಂದೆ!’ ಎಂಬ ದನಿ ಬರತೊಡಗಿತು. ಅವಳೂ ಬರುತ್ತಿರಲಿಲ್ಲ. ‘ಸದ್ಯ, ಒಬ್ಬಳು ಸಾಲದು ಅಂತಿದ್ದೆ’ ಎಂದಳು ಹೆಂಡತಿ.

ಇನ್ನೊಂದು ದಿನ ಹೆಂಡತಿಗೂ ಅವ್ವನಿಗೂ ಅದೇ ಪದದ ಮೇಲೆ ಚರ್ಚೆ. ಹುಡುಗಿ ಟ್ರ್ಯಾಕಿನಿಂದ ಬಂದದ್ದನ್ನು ಕಿಟಕಿಯಲ್ಲಿ ನೋಡಿ ಅವ್ವ ‘ಬಂದ್ಳು’ ಎಂದಳು. ‘ಬಂದ್ಲು ಅನ್ಬೇಕು ಅತ್ತೆ’ ಎಂದು ಹೆಂಡತಿ ರೇಗಿಸಿದಳು. ‘ನಿಮ್ಮ ಮೈಸೂರಾಗ ನಾಲಗಿ ಹೊಳ್ಳೂದಿಲ್ಲ, ನಾ ಏನ ಮಾಡಲಿ’ ಎಂದಳು ಅವ್ವ. ಜಗಳ ಯಾವುದರ ಮೇಲೆಂದು ತಿಳಿದಾಗ ಹುಡುಗಿ ನಗತೊಡಗಿದಳು. ಅವರ ದೇಶದಲ್ಲೂ ದಕ್ಷಿಣದವರು ಈಗ ಎಂಬುದಕ್ಕೆ ‘ನೌರ್’ ಅಂದರೆ ಉತ್ತರದವರು ‘ರುಅನ್’ ಅನ್ನುತ್ತಾರಂತೆ. ಅವರ ಲಿಪಿಯಲ್ಲಿ ಒಂದನ್ನು ಹಿಂದುಮುಂದಾಗಿ ಬರೆದರೆ ಇನ್ನೊಂದು. ಅವಳ ಅಪ್ಪ ದಕ್ಷಿಣದವರು, ಅಜ್ಜಿ ಉತ್ತರದವಳು. ಅಜ್ಜಿ ಒಮ್ಮೆ ಟ್ರ್ಯಾಕಿಗೆ ಬಂದು ‘ರುಅನ್’ ಎಂದು ಕೂಗಿದಾಗ ಇವಳು ಏಳದೆ ಸುಮ್ಮನೆ ಕೂತಿದ್ದಳಂತೆ.

ಷಿಕಾಗೋ ಟ್ರ್ಯಾಕಿನಲ್ಲಿ ವಾರಕ್ಕೊಂದು ಸಂಜೆ ಸ್ಪರ್ಧೆ. ನಾವು ಮಡಚುವ ಕುರ್ಚಿ, ಡಬ್ಬಿಯಲ್ಲಿ ಅವಲಕ್ಕಿ ಇಟ್ಟುಕೊಂಡು ಹೋಗುತ್ತಿದ್ದೆವು. ಮೊದಲ ಸಲ ಇಬ್ಬರು ಹುಡುಗಿಯರು ಸೈಕಲ್ ಮೇಲೆ ಹೆಚ್ಚುಕಡಿಮೆ ನಿಂತೇ ಬಿಟ್ಟು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವುದನ್ನು ಕಂಡಾಗ ಏನೋ ಕೆಟ್ಟಿದೆ ಎಂದು ನಾನು ತಿಳಿದೆ. ಅವ್ವನಿಗೆ ಮಾತ್ರ ತಕ್ಷಣ ಅರ್ಥವಾಯಿತು.

‘ಇದು ಸೈಕಲ್ ರೇಸ್ ಅಲ್ಲೊ. ಕುಸ್ತಿ. ಪೈಲ್ವಾನ್ರು ಕೈ ಕೊಡೂಕಿನ ಮುಂಚೆ ಸುತ್ತ ಹೊಡ್ಯಾಂಗಿಲ್ಲೇನ, ಹಂಗ. ಮೊದಲ ಯಾರ ಮೈ ಮ್ಯಾಲ ಬರ್ತಾರ ನೋಡಬೇಕ ಈಗ.’

ಯಾರೂ ಮೈಮೇಲೆ ಬರಲಿಲ್ಲ, ಅಂದರೆ ನಮ್ಮ ಹುಡುಗಿ ಬರಲಿಲ್ಲ. ಎದುರಾಳಿ ಮಿಷಿಗನ್‌ನವಳು, ಹಳದಿ ಹೆಲ್ಮೆಟ್ಟಿನವಳು, ಆ ಬೇಸಿಗೆಯಲ್ಲಿ ಹಲವು ಸಲ ಷಿಕಾಗೋಗೆ ಬಂದಳು. ನಮ್ಮವಳು ಮುಂದಿದ್ದಾಗ ಭುಜದ ಮೇಲಿಂದ ಹಿಂದೆ ನೋಡುತ್ತಲೇ ಇರುತ್ತಿದ್ದಳು. ನೋಡುತ್ತಾಳೆ, ನೋಡುತ್ತಾಳೆ, ಹಳದಿ ಹೆಲ್ಮೆಟ್ಟು ಪಕ್ಕಕ್ಕೆ ಬಂದ ಮೇಲೆ ಏಳುತ್ತಾಳೆ. ಅಷ್ಟರಲ್ಲಿ ಮುಗಿದಿರುತ್ತಿತ್ತು. ನಾವು ನಾಲ್ವರೂ ಬಾಯಿ ಬಿಗಿಹಿಡಿದು ಕೂತಿರುತ್ತಿದ್ದೆವು. ಅವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಇದೂ ನನಗೆ ಖಾತ್ರಿ, ಏಕೆಂದರೆ ಮಗಳು ಅದರ ಫೋಟೋ ತೆಗೆದಿದ್ದಾಳೆ.

ಡೆಟ್ರಾಯಿಟ್‌ಗೆ ಎಲ್ಲರೂ ಒಂದೇ ಕಾರಿನಲ್ಲಿ ಹೋದೆವು. ಸೈಕಲ್ಲು ಹಿಂದೆ ಕಟ್ಟಿತ್ತು. ಮಿಷಿಗನ್ ಗಡಿ ದಾಟುವಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ ಎಂದು ಹೇಳಿದಾಗ ಅವ್ವ ನಂಬಲಿಲ್ಲ. ‘ವಿಜಯಪುರದಿಂದ ಸೊಲ್ಲಾಪುರಕ್ಕ ಹೋಗೂದ್ರಾಗ ಟೈಮ್ ಬದಲಾಗತೈತೇನ? ನಿಮ್ಮ ದೇಶದಾಗ ಒಂದೂ ಸರಿ ಇಲ್ಲ.’ ಅವಳ ಕೈಗಡಿಯಾರ ಬಂದ ದಿನದಿಂದಲೂ ವಿಜಯಪುರದ ಹೊತ್ತನ್ನೇ ತೋರಿಸುತ್ತಿತ್ತು. ಪ್ರಸಾರ ನೋಡುತ್ತೇನೆ ಎಂದು ಕೋಚು ಹುಡುಗಿಗೆ ಸಂದೇಶ ಕಳಿಸಿದ್ದರು. ಟ್ರ್ಯಾಕ್ ತಲುಪಿದಾಗ ಕಾರಿನಿಂದ ಇಳಿಯುವ ಮೊದಲು ಅವಳು ಒಬ್ಬೊಬ್ಬರನ್ನೇ ನೋಡಿ, ‘ಕೂಗಬೇಡಿ’ ಎಂದಳು. ಅವ್ವನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಅವ್ವ ತಾನೂ ಬೆರಳಿಟ್ಟುಕೊಂಡಳು.

ಡೆಟ್ರಾಯಿಟ್‌ನದು ದೊಡ್ಡ ಗುಮ್ಮಟದೊಳಗಿನ ಟ್ರ್ಯಾಕು. ಮರದ ಹಲಗೆ, ಚಿಕ್ಕ ಸುತ್ತು, ತಿರುವುಗಳು ಗೋಡೆಯ ಹಾಗೆ ಕಡಿದು. ತೀರಾ ನಿಧಾನವಾದರೆ ಸೈಕಲ್ಲು ಜಾರಿ ಕೆಳಗೆ ಬೀಳುತ್ತದೆ, ಆದ್ದರಿಂದ ಷಿಕಾಗೋದ ಹಾಗೆ ನಿಂತುಕೊಂಡು ಕಾಯುವ ಹಾಗಿಲ್ಲ. ನೇರ ಭಾಗ ಚಿಕ್ಕದಾದ್ದರಿಂದ ಹಿಂದಿನಿಂದ ಬಂದು ದಾಟುವುದು ಕಷ್ಟ. ಮುಂದಿರುವವರು ಬೇಗ ಎದ್ದರೆ ಅವರಿಗೇ ಲಾಭ. ಇದೆಲ್ಲ ಅವಳೇ ನಮಗೆ ಹೇಳಿದ್ದು. ಗೊತ್ತಿರುವುದು ಒಂದು, ಏಳುವುದು ಇನ್ನೊಂದು.

ಸೆಮಿಫೈನಲ್ಲಿನಲ್ಲಿ ಹಳದಿ ಹೆಲ್ಮೆಟ್ಟಿನವಳೇ ಸಿಕ್ಕಳು. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ. ಮೊದಲನೆಯದನ್ನು ನಮ್ಮವಳು ಹಿಂದೆ ನೋಡುತ್ತ ನೋಡುತ್ತ ಸೋತಳು. ಎರಡನೆಯದರಲ್ಲಿ ಹಳದಿ ಹೆಲ್ಮೆಟ್ಟಿನವಳು ಮುಂದಿದ್ದಳು, ತಿರುವಿನಲ್ಲಿ ತುಸು ಮೇಲಕ್ಕೆ ಸರಿದಳು, ನಮ್ಮವಳು ಒಳಗಿನಿಂದ ನುಗ್ಗಿ ಗೆದ್ದಳು. ‘ಇದು ಅದೃಷ್ಟ’ ಎಂದು ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. ಕೋಚು ಕೂಡ ಹಾಗೆಯೇ ತಿಳಿಯುತ್ತಾರೆಂದು ನನಗೂ ಅನ್ನಿಸಿತು. ಮೂರನೆಯದಕ್ಕೆ ಚೀಟಿ ಎತ್ತಿದಾಗ ಮುಂದೆ ಹೋಗುವ ಸರದಿ ನಮ್ಮವಳಿಗೆ ಬಂತು.

ಅಲ್ಲಿಂದ ಮುಂದಿನದನ್ನು ನಿಧಾನವಾಗಿ ಬರೆಯಬೇಕು.

ನಾವು ಆಚೆ ಬದಿಯ ನೇರ ಭಾಗದಲ್ಲಿ ಕಂಬಿಗೆ ಒರಗಿ ನಿಂತಿದ್ದೆವು. ಎಡಕ್ಕೆ ಹೆಂಡತಿ, ಮಗಳು; ಬಲಕ್ಕೆ ಅವ್ವ, ಕಂದು ಬಣ್ಣದ ಶಾಲು ಹೊದ್ದು. ನಮ್ಮವಳು ಮುಂದೆ, ಮೇಲ್ಗಡೆಯ ಹಲಗೆಗಳ ಮೇಲೆ, ತಲೆ ಹಿಂದಕ್ಕೆ ತಿರುಗಿಸಿಕೊಂಡು. ಹಳದಿ ಹೆಲ್ಮೆಟ್ಟು ಮೂರು ಸೈಕಲ್ ಉದ್ದದ ಹಿಂದೆ. ಒಂದು ಸುತ್ತು ಹೀಗೆಯೇ ಹೋಯಿತು. ನಂತರದ ಸುತ್ತಿನಲ್ಲಿ ನಮ್ಮ ಮುಂದೆ ಹಾಯುವಾಗ ನಮ್ಮವಳು ತಲೆಯನ್ನು ಮುಂದಕ್ಕೆ ತಿರುಗಿಸಿದಳು. ‘ಬಂದ್ಳು!’ ಎಂದಳು ಅವ್ವ. ಅದು ಕೂಗೇ, ಹೊಲದ ಆ ಬದುವಿನಿಂದ ಈ ಬದುವಿಗೆ ಕೇಳುವಂಥದ್ದು. ನಮ್ಮವಳು ಸೀಟಿನಿಂದ ಎದ್ದು ಕೆಳಕ್ಕೆ ಧುಮುಕಿದಳು. ಹಳದಿ ಹೆಲ್ಮೆಟ್ಟು ಇನ್ನೂ ಕೂತೇ ಇತ್ತು. ಅಲ್ಲಿ ಹುಟ್ಟಿದ ಅಂತರ ಕೊನೆಯವರೆಗೂ ಪೂರ್ತಿ ತುಂಬಲಿಲ್ಲ. ನಮ್ಮವಳು ಗೆದ್ದಳು.

ಇದು ನನ್ನ ಮೊದಲ ಕತೆ: ಮೊದಲು ಕೂಗು, ಆಮೇಲೆ ಎದ್ದದ್ದು. ಎರಡನೆಯದರಲ್ಲಿ ಮೊದಲು ಎದ್ದದ್ದು, ಆಮೇಲೆ ಕೂಗು. ಎರಡೂ ನನ್ನ ಕಣ್ಣ ಮುಂದೆ ಅಷ್ಟೇ ಸ್ಪಷ್ಟವಾಗಿವೆ.

ಮಗಳು ಮೊದಲು ಬಾಯಿ ಬಿಟ್ಟಳು. ‘ಅಜ್ಜಿ! ಯೂ ಹ್ಯಾಡ್ ಒನ್ ಜಾಬ್!’

‘ಏನಂತಾಳ ಇಕಿ?’

‘ಕೂಗ್ಬೇಡಿ ಅಂತ ಅಷ್ಟು ಹೇಳಿದ್ವಲ್ಲ ಅತ್ತೆ!’ ಹೆಂಡತಿಯ ದನಿಯಲ್ಲಿ ನಿಜವಾದ ಸಿಟ್ಟಿತ್ತು.

‘ನಾ ಎಲ್ಲಿ ಒದರೀನಿ? ಬಾಯಿಂದ ಬಂತು ಅದು.’

ಫೈನಲ್ಲಿನಲ್ಲಿ ಅವಳು ತನಗಿಂತ ಎಷ್ಟೋ ಹಿರಿಯಳಾದ ಒಬ್ಬಳಿಗೆ ನೇರ ಎರಡರಲ್ಲಿ ಸೋತಳು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಕಾಫಿಗೆ ನಿಲ್ಲಿಸಿದ ಕಡೆ ನಾನು ಅವಳನ್ನು ಕೇಳಿಯೇ ಬಿಟ್ಟೆ: ‘ಅವ್ವನ ಕೂಗು ಕೇಳಿಸಿತೇ?’

‘ಕೇಳಿಸಿತು. ಆದರೆ ಎದ್ದ ಮೇಲೋ, ಮೊದಲೋ, ನನಗೆ ಗೊತ್ತಾಗುತ್ತಿಲ್ಲ.’ ಕಪ್ಪಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ‘ಕೋಚು ಕೇಳಿದರೆ ಏನು ಹೇಳಲಿ? ಅಪ್ಪ ಹೋಗಿ ಅಜ್ಜಿ ಬಂದರು ಅಂತಲೇ?’

ಅವಳಿಗೆ ಬೇಕಾಗಿದ್ದದ್ದು ಗೆಲುವಲ್ಲ, ಆ ಕ್ಷಣ ತನ್ನದು ಎಂಬ ಖಾತ್ರಿ. ಅದನ್ನು ಕೊಡಬಲ್ಲವನು ನಾನೇ ಎಂದು ನನಗೆ ಅನ್ನಿಸಿತು. ಸಾಕ್ಷ್ಯ ತೂಗುವುದೇ ನನ್ನ ಕಸುಬಲ್ಲವೇ? ಮರುದಿನ ಮಧ್ಯಾಹ್ನ ಪ್ರಸಾರದ ವಿಡಿಯೋವನ್ನು ಟೀವಿಗೆ ಹಾಕಿ ಎಲ್ಲರನ್ನೂ ಕೂಡಿಸಿದೆ. ಧ್ವನಿಯಿಂದ ಉಪಯೋಗವಿರಲಿಲ್ಲ, ವಿವರಣೆಗಾರನ ಮಾತು, ಹಿನ್ನೆಲೆ ಸಂಗೀತ. ಆದರೆ ಚಿತ್ರದ ಮೂಲೆಯಲ್ಲಿ ಕಂದು ಶಾಲು ಕಾಣುತ್ತಿತ್ತು. ಅವ್ವ ಕೂಗುವಾಗ ಕೈ ಎತ್ತುತ್ತಾಳೆ, ಅದು ಅವಳ ಅಭ್ಯಾಸ. ಒಂದೊಂದೇ ಚಿತ್ರ ಮುಂದೆ ಸರಿಸಿದೆ. ಹುಡುಗಿ ಕೂತಿದ್ದಾಳೆ, ಶಾಲು ಕೆಳಗಿದೆ. ಅಲ್ಲಿಗೆ ಕ್ಯಾಮೆರಾ ಬದಲಾಯಿತು, ಹಳದಿ ಹೆಲ್ಮೆಟ್ಟಿನ ಮುಖ. ಮತ್ತೆ ವಾಪಸು ಬಂದಾಗ ಹುಡುಗಿ ಎದ್ದಾಗಿದೆ, ಶಾಲಿನ ಕೈಯೂ ಎದ್ದಾಗಿದೆ.

‘ಸಾಕು ಬಿಡ್ರೀ’ ಎಂದಳು ಹೆಂಡತಿ. ನಾನು ಮತ್ತೆ ಹಿಂದಕ್ಕೆ ಹೋಗಿ ನೋಡಿದೆ. ಅಷ್ಟೇ ಇತ್ತು.

ಕೋಚಿನ ಫೋನು ಅದರ ಮುಂದಿನ ಬೆಳಿಗ್ಗೆ ಬಂತು, ನಾವು ತಿಂಡಿ ತಿನ್ನುತ್ತಿದ್ದಾಗ. ಆಫೀಸಿಗೆ ಹೊರಟವನು ಚೀಲ ಹೆಗಲಿಗೆ ಹಾಕಿಕೊಂಡೇ ನಿಂತೆ. ಹುಡುಗಿ ಕೈಯಲ್ಲಿ ರೊಟ್ಟಿ ಇದ್ದದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಮೂರನೆಯ ಓಟ ನೋಡಿದೆ, ನೀನು ಮೊದಲು ಎದ್ದೆ ಎಂದರು ಅವರು. ಆಮೇಲೆ ನೇರವಾಗಿ ಕೇಳಿದರು: ಬದಿಯಿಂದ ಯಾರಾದರೂ ಕೂಗಿದರಾ?

ಅವಳು ಇಲ್ಲ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

‘ಕೂಗಿದರು,’ ಎಂದಳು. ‘ನಾನಿರುವ ಮನೆಯ ಅಜ್ಜಿ. ನಾನು ಆಗಲೇ ಹೊರಟಿದ್ದೆ ಅಂತ ನನಗನ್ನಿಸುತ್ತೆ. ಖಚಿತವಾಗಿ ಹೇಳಲಾರೆ.’

‘ಏನಂತ ಕೂಗಿದರು?’

‘ಬಂದ್ಳು ಅಂತ.’ ಅವಳ ಬಾಯಲ್ಲಿ ಆ ‘ಳ’ ಅವ್ವನದಕ್ಕಿಂತ ಭಾರವಾಗಿತ್ತು.

‘ಅಂದರೆ?’

‘ಅವರ ಭಾಷೆಯಲ್ಲಿ, ಅವಳು ಬಂದಳು ಅಂತ.’

‘ಬಂದಳು. ಆಗಿಹೋದದ್ದು,’ ಎಂದರು ಕೋಚು. ‘ಅಂದರೆ ಆಗಿದ್ದನ್ನು ನೋಡಿ ಹೇಳಿದ್ದಾರೆ. ಹೋಗು ಅಂತಲ್ಲ, ಈಗ ಅಂತಲ್ಲ.’

ಹುಡುಗಿ ನಮ್ಮ ಮಗಳ ಮುಖ ನೋಡಿದಳು. ಮಗಳು ತಟ್ಟೆ ನೋಡಿದಳು. ಬಸ್ಸು ತಿರುವಿನಲ್ಲಿದ್ದಾಗಲೇ ಬಂತು ಅನ್ನುವ ಜನರ ವಿಷಯ ಆ ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು. ಹುಡುಗಿ ಹೇಳಬೇಕೆಂದು ಬಾಯಿ ತೆರೆದಳು ಎಂದು ನನ್ನ ನೆನಪು. ರೊಟ್ಟಿ ತಿನ್ನಲು ತೆರೆದಳು ಎಂದು ಹೆಂಡತಿ. ಅಷ್ಟರಲ್ಲಿ ಕೋಚು ಮುಂದಕ್ಕೆ ಹೋಗಿದ್ದರು. ಸ್ವಲ್ಪ ಮಾತು ಗಿಯರಿನ ಬಗ್ಗೆ, ಸ್ವಲ್ಪ ಮಾತು ಫೈನಲ್ಲಿನ ಸೋಲಿನ ಬಗ್ಗೆ. ಕೊನೆಗೆ, ಚಳಿಗಾಲದ ತರಬೇತಿಗೆ ತಂಡದ ಜೊತೆ ಸೇರಿಕೋ, ಅಲ್ಲಿ ನಿನ್ನನ್ನು ಹತ್ತಿರದಿಂದ ನೋಡುತ್ತೇವೆ ಎಂದರು. ಯಾವಾಗ ಬರುತ್ತೀ ಎಂದು ಕೇಳಿದರು. ಅವಳು ‘ಬಂದೆ’ ಎಂದು ಉತ್ತರಿಸಿದಳೆಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಮಗಳ ಪ್ರಕಾರ ಅವಳು ಅಂದದ್ದು ಬರೀ ‘ಯಾ’.

ಫೋನು ಮುಗಿದ ಮೇಲೆ ಅವ್ವ ನನ್ನ ತೋಳು ಜಗ್ಗಿದಳು. ‘ಏನಂದ್ರು? ನಂದೇನೋ ಸುದ್ದಿ ತಗದ್ರು?’

ಎಲ್ಲ ಹೇಳಿದೆ. ಹುಡುಗಿ ಎದ್ದದ್ದು ನಿನ್ನ ಕೂಗಿಗೋ, ತಾನಾಗಿಯೋ ಎಂಬುದೇ ಪ್ರಶ್ನೆ ಎಂದೆ. ಹಳದಿ ಹೆಲ್ಮೆಟ್ಟಿನವಳು ಬಂದಳು ಎಂದು ನೀನು ಎಚ್ಚರಿಸಿದ್ದು ತಾನೆ ಎಂದೆ.

‘ಆ ಹಳದಿಯಾಕಿಗಿ ನಾ ಯಾಕ ಅನ್ನಲಿ?’ ಅವ್ವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. ‘ನಮ್ಮಾಕಿಗಿ ಅಂದಿದ್ದೊ ಅದು. ಇಷ್ಟ ದಿನ ಸುತ್ತ ಹೊಡಕೋಂತ ನಿಂತಿದ್ಳು, ಅವತ್ತ ಮೈ ಮ್ಯಾಲ ಬಂದ್ಳು. ಬಂದ್ಳು ಅಂದೆ. ಆಕಿ ಏಳದ ನಾ ಹೆಂಗ ಅನ್ನಲಿ?’

ನಮ್ಮ ಭಾಷೆಯಲ್ಲಿ ಬಂದ್ಳು ಎಂದರೆ ಸಾಕು, ಯಾರು ಎಂದು ಹೇಳಬೇಕಾಗಿಲ್ಲ. ಎರಡು ದಿನ ನಾನು ಯಾವಾಗ ಎಂಬುದನ್ನು ಅಳೆಯುತ್ತ ಕೂತಿದ್ದೆ, ಯಾರು ಎಂದು ಕೇಳಿರಲೇ ಇಲ್ಲ. ಇದನ್ನು ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಅವ್ವನ ಕಡೆ ತಿರುಗಿ ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡು, ‘ನಾನು?’ ಎಂದು ಕನ್ನಡದಲ್ಲಿ ಕೇಳಿದಳು.

‘ಹೂಂ ಯವ್ವಾ, ನೀನ. ಮತ್ಯಾರು?’

ಆದರೂ ನನಗೆ ಸುಮ್ಮನಿರಲಾಗಲಿಲ್ಲ. ‘ಬಸ್ಸು ಬರೂಕಿನ ಮುಂಚೆನ ಬಂತು ಬಂತು ಅಂತೀಯಲ್ಲವ್ವಾ?’

‘ಬಸ್ ಬ್ಯಾರೆ,’ ಎಂದಳು ಅವ್ವ.

ಡೆಟ್ರಾಯಿಟ್‌ನಿಂದ ವಾಪಸಾಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ‘ನಾ ಒದರಿದ್ದಕ್ಕ ಎದ್ಳು ನೋಡ’ ಎಂದು ಅವ್ವ ಹೆಮ್ಮೆಯಿಂದ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವತ್ತು ಅವ್ವನ ಮುಂದೆ ಅದನ್ನು ಎತ್ತಲಿಲ್ಲ, ಆಮೇಲೆ ಹೆಂಡತಿಗೆ ಹೇಳಿದೆ. ಅತ್ತೆ ಮಿಷಿಗನ್ ದಾಟುವವರೆಗೂ ಗೊರಕೆ ಹೊಡೆಯುತ್ತಿದ್ದರು, ನಿಮ್ಮ ತಲೆ ಎಂದಳು ಅವಳು.

ಹುಡುಗಿ ಅಪ್ಪನಿಗೆ ಫೋನು ಮಾಡಲು ಬೇಸ್‌ಮೆಂಟಿಗೆ ಇಳಿದಳು. ಕೆಳಗಿನಿಂದ ಅವಳ ಭಾಷೆಯ ಮಾತು, ನಡುವೆ ನಗು, ಒಂದು ಸಲ ‘ಅಜ್ಜಿ’ ಎಂಬ ಪದ. ಅವ್ವ ಒಲೆಯ ಮುಂದೆ ನಿಂತು ಇನ್ನೊಂದು ರೊಟ್ಟಿ ಬಡಿದಳು. ಅದು ಉಬ್ಬಿದ ಮೇಲೆ ಮೆಟ್ಟಿಲ ಬಾಗಿಲಿಗೆ ಹೋಗಿ ಕರೆದಳು. ‘ರೊಟ್ಟಿ ಆರತೈತಿ, ಬಾರ ಯವ್ವಾ!’

‘ಬಂದೆ!’ ಎಂಬ ದನಿ ಬಂತು.

ಅವಳು ಬರುವಷ್ಟರಲ್ಲಿ ರೊಟ್ಟಿ ಪೂರ್ತಿ ಆರಿತ್ತು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅದನ್ನು ತಿಂದು ಆಫೀಸಿಗೆ ಹೋದವನು ನಾನೇ.